ಗಿಳಿಯ ಮುಂದೆ ಊಟ

ವೀಳ್ಯದೆಲೆ ವ್ಯಾಪಾರಕ್ಕೆ ಮುಂಬೈಗೆ ಹೋಗಿದ್ದ ನನ್ನ ಸೋದರಮಾವ ಒಂದು ಸಲ ಅಲ್ಲಿಂದ ಪಂಜರದಲ್ಲಿ ಹಕ್ಕಿಯೊಂದನ್ನು ತಂದುಕೊಟ್ಟ. ಬೂದು ಮೈ, ಹಳದಿ ಮುಖ, ಕೆನ್ನೆಯಲ್ಲಿ ಕುಂಕುಮ ಒತ್ತಿದಂಥ ಬೊಟ್ಟು, ತಲೆಯ ಮೇಲೆ ಏಳುವ ಇಳಿಯುವ ಜುಟ್ಟು. ಕಾಕಟೀಲ್ ಅಂತೆ. ಸವಣೂರಿನ ನಮ್ಮ ಓಣಿಗೆ ಅದು ಜುಟ್ಟಿನ ಗಿಳಿ. ನಲವತ್ತರ ದಶಕದ ಆರಂಭ, ನನಗಾಗ ಇಪ್ಪತ್ತೆರಡು.

ಅದು ನನ್ನ ಕೈಮೇಲೆ ಬಂದು ಕೂರಬೇಕೆಂಬುದೊಂದೇ ನನ್ನ ಆಸೆ. ದಿನಾ ಬೆಳಿಗ್ಗೆ ನವಣೆ ಹಸನು ಮಾಡಿ ಬಟ್ಟಲು ತುಂಬುತ್ತಿದ್ದೆ, ಮೆಂತ್ಯ ಸೊಪ್ಪು ತೊಳೆದು ಸಿಕ್ಕಿಸುತ್ತಿದ್ದೆ. ಕೈ ಒಳಗಿಟ್ಟರೆ ಬುಸ್ಸೆಂದು ಮೂಲೆಗೆ ಸರಿಯುತ್ತಿತ್ತು.

ನಮ್ಮ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಮುದುಕ ಚಾಚಾನ ಹತ್ತಿರ ಮಾತ್ರ ಅದರ ನಡತೆಯೇ ಬೇರೆ. ಪಂಜರದ ಬಾಗಿಲು ತೆರೆದರೆ ನೇರ ಅವನ ಮೊಣಕಾಲಿಗೆ ಹೋಗಿ, ತೋಳು ಹತ್ತಿ, ಹೆಗಲ ಮೇಲೆ ಕೂತು ಅವನ ಗಡ್ಡ ಬಾಚುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಬಿಸಿಲಿನ ನೆಪ ಹೇಳಿ ಕಟ್ಟೆಯ ಮೇಲಿದ್ದ ಪಂಜರವನ್ನು ಒಳಗೆ ತಂದಿಟ್ಟೆ. ಎರಡು ದಿನ ಅದು ಕಿರುಚಿದ್ದೇ ಕಿರುಚಿದ್ದು.

"ಅದನ್ನ ಹೊರಗ ಇಡ್ತೀಯೋ, ನಾನು ತವರಿಗೆ ಹೋಗ್ಲೋ?" ಅಂದಳು ಅವ್ವ. ಹೊರಗಿಟ್ಟೆ.

ಹದಿನಾಲ್ಕಕ್ಕೆ ಶಾಲೆ ಸೇರಿ ಸಣ್ಣ ಹುಡುಗರ ನಡುವೆ ನಾಚಿಕೆ ಬಿಟ್ಟು ಅಕ್ಷರ ಕಲಿತವನು ನಾನು. ಆದರೂ ಚಾಚಾನನ್ನು ಕೇಳಲು ವಾರ ಹಿಡಿಯಿತು.

"ಅದಕ್ಕ ಏನ್ ಹಾಕ್ತೀರಿ ಚಾಚಾ?"

"ನಾ ಏನ್ ಹಾಕ್ಲಿ ಸಾವ್ಕಾರ್ರ. ಕಾಳು ನಿಮ್ದು, ನೀರು ನಿಮ್ದು."

"ಮತ್ತ ನಿಮ್ಮ ಹೆಗಲ ಮ್ಯಾಲೇ ಯಾಕ ಕುಂದರ್ತೈತಿ?"

"ನಾ ಇಲ್ಲೇ ಕುಂತು ರೊಟ್ಟಿ ತಿಂತೇನಿ, ಅದೂ ಜೋಡಿ ತಿಂತೈತಿ. ನೀವು ಕಾಳು ಹಾಕಿ ಒಳಗ ಹೋಗಿ ಬಾಗಲಾ ಹಾಕ್ಕೊಂಡು ಉಣ್ತೀರಿ. ನೀವು ಉಣ್ಣೂ ಮನಷ್ಯಾ ಹೌದೋ ಅಲ್ಲೋ, ಅದಕ್ಕೇನ್ ಗೊತ್ತು?"

ಲಿಂಗಪೂಜೆ ಮುಗಿಸಿ ಒಳಮನೆಯಲ್ಲೇ ಉಣ್ಣುವುದು ನಮ್ಮ ಮನೆಯ ಪದ್ಧತಿ. ತಾಟಿನ ಮೇಲೆ ಬೀದಿಯ ಕಣ್ಣು ಬೀಳಬಾರದು. ಮರುದಿನ ಮಧ್ಯಾಹ್ನ ತಾಟು ಹಿಡಿದು ಕಟ್ಟೆಗೆ ಬಂದೆ. ಅವ್ವ ತಡೆಯಲಿಲ್ಲ. ಓಣಿಯವರು ಛೇಡಿಸದೆ ಬಿಡಲಿಲ್ಲ.

"ಯಾಕ್ರಿ ಸಾವ್ಕಾರ್ರ, ಅವ್ವಾರು ಹೊರಗ ಹಾಕ್ಯಾರೇನ್ರಿ?"

ತಲೆ ತಗ್ಗಿಸಿ ಉಂಡೆ. ಎಂಟನೆಯ ದಿನ ಗಿಳಿ ತಾಟಿನ ಅಂಚಿಗೆ ಬಂದು ರೊಟ್ಟಿಯ ಚೂರೊಂದನ್ನು ಕಚ್ಚಿತು. ತಿನ್ನುತ್ತಲೇ ನನ್ನ ಮಣಿಕಟ್ಟು ಹತ್ತಿತು. ಬೆಚ್ಚಗಿನ ಸಣ್ಣ ಕಾಲುಗಳು. ಕೈ ಅಲುಗಿಸದೆ ಕೂತೆ.

"ಬಂತು ನೋಡ್ರಿ," ಅಂದ ಚಾಚಾ.

ದನಿ ಕೇಳಿದ್ದೇ ತಡ, ಹಕ್ಕಿ ಹಾರಿ ಅವನ ಹೆಗಲಿಗೆ ಹೋಯಿತು. ಬೇಕೆಂದೇ ಮಾತಾಡಿದ ಅಂತ ನನಗೆ ಸಿಟ್ಟು ಬಂತು. ತಾಟು ಎತ್ತಿಕೊಂಡು ಎದ್ದು ನಿಂತೆ.

ಚಾಚಾ ಮಷಿನ್ ಹಿಂದಿದ್ದ ತನ್ನ ರೊಟ್ಟಿ ಗಂಟನ್ನು ನಾನು ಕೂತಿದ್ದ ಜಾಗದ ಪಕ್ಕಕ್ಕೆ ತಂದು ಬಿಚ್ಚಿ, ಈ ಸಲ ದನಿ ಎತ್ತದೆ ತಿನ್ನತೊಡಗಿದ. ನಾನೂ ತಾಟು ಕೆಳಗಿಟ್ಟು ಕೂತೆ. ಗಿಳಿ ಅವನ ತೋಳಿನಿಂದ ಇಳಿದು ಅವನದೊಂದು ಚೂರು, ನನ್ನದೊಂದು ಚೂರು ತಿಂದಿತು. ಅವನದನ್ನು ಎಷ್ಟು ಸಲ ಕಚ್ಚಿತು, ನನ್ನದನ್ನು ಎಷ್ಟು ಸಲ ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.