ಚಿಕ್ಕಣ್ಣನಿಗೆ ಸರ್ಕಾರ ಕೊಟ್ಟ ರಜೆ

ನಮ್ಮ ಮಾರೇನಹಳ್ಳಿಯ ಬೀದಿಯಲ್ಲಿ ಮಂಗಳವಾರದ ಬಿಸಿಲು ಉಳಿದ ದಿನಗಳಿಗಿಂತ ಮೆತ್ತಗಿರುತ್ತದೆ ಎಂದರೆ ನೀವು ನಗುತ್ತೀರಿ. ಇದರ ಹಿಂದೆ ಸರ್ಕಾರದ ಕೈ ಇದೆ ಎಂದರೆ ಇನ್ನೂ ನಗುತ್ತೀರಿ. ಆದರೂ ಹೇಳುತ್ತೇನೆ.

ನಮ್ಮ ಮನೆಯ ಎದುರುಸಾಲಿನಲ್ಲಿ ಚಿಕ್ಕಣ್ಣನ ದಿನಸಿ ಅಂಗಡಿ ಇದೆ. ಅವನ ತಂದೆ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾದಾಗ ಉಳಿದ ಮೂಲೆಯಲ್ಲಿ ಕಟ್ಟಿದ್ದು. ಹಬ್ಬವಿರಲಿ, ಹರತಾಳವಿರಲಿ, ಅದರ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬಂದು, ವಾರಕ್ಕೊಂದು ದಿನ ಮುಚ್ಚಲೇಬೇಕು ಎಂದರು.

"ನಂಗೆ ರಜೆ ಬೇಡ ಸಾರ್," ಎಂದ ಚಿಕ್ಕಣ್ಣ.

"ಬೇಡ ಅಂದ್ರೂ ತಗೋಬೇಕು. ಮುಂದಿನ್ಸಲ ತೆರೆದಿದ್ರೆ ಕೇಸ್ ಹಾಕ್ತೀನಿ."

ಚಿಕ್ಕಣ್ಣ ನೇರ ನನ್ನ ಬಳಿ ಬಂದ. ನಾನು ಕಾನೂನು ಓದಿದವನು. ಕೋರ್ಟಿನ ಮೆಟ್ಟಿಲು ಹತ್ತದೆ ಬ್ಯಾಂಕಿನಲ್ಲಿ ಸವೆದವನು. ಆದರೂ ಯಾರಾದರೂ ಕಾಯ್ದೆ ಎಂದರೆ ಬೆನ್ನು ನೆಟ್ಟಗಾಗುತ್ತದೆ. ತಕ್ಕಡಿಗೆ ಮುದ್ರೆ ಬೇಕು, ಪೊಟ್ಟಣದ ಮೇಲೆ ಬೆಲೆ ಬೇಕು, ಬೋರ್ಡಿನಲ್ಲಿ ಕನ್ನಡ ಬೇಕು, ವ್ಯಾಪಾರಿಯನ್ನು ಸರ್ಕಾರ ಹೀಗೆಲ್ಲ ಹಿಡಿದಿಡುತ್ತದೆ ಎಂದು ಪಾಠ ಮಾಡಿದೆ. ಹೇಳುತ್ತಾ ಹೇಳುತ್ತಾ ನನಗೇ ಸೋಜಿಗವಾಯಿತು. ಅಷ್ಟೊಂದು ಬಿಗಿ ಮುಖದ ನಿಯಮಗಳ ನಡುವೆ ಯಾರೋ ಪುಣ್ಯಾತ್ಮರು 'ಒಂದು ದಿನ ಸುಮ್ಮನಿರು' ಎಂದೂ ಬರೆದಿಟ್ಟಿದ್ದಾರಲ್ಲ!

ರಜೆಗೆ ಮಂಗಳವಾರ ಎಂದು ಗೊತ್ತಾಯಿತು. ಮೊದಲ ಮಂಗಳವಾರ ಚಿಕ್ಕಣ್ಣ ಅಭ್ಯಾಸಬಲದಿಂದ ಬೆಳಗ್ಗೆಯೇ ಬಂದ. ಬೀಗ ಮುಟ್ಟಿ ನೋಡಿ, ರಸ್ತೆ ದಾಟಿ, ನಮ್ಮ ಕಾಂಪೌಂಡಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ. ಹೊಂಗೆಯ ಹೂ ಸದ್ದಿಲ್ಲದೆ ಉದುರುತ್ತಿತ್ತು. ಬಹಳ ಹೊತ್ತು ಅಂಗಡಿಯನ್ನೇ ನೋಡಿದ.

"ಸಾರ್, ನಮ್ಮಂಗ್ಡಿ ಇಷ್ಟು ಚಿಕ್ಕದಾ? ಒಳಗಿಂದ ದೊಡ್ಡದಾಗಿ ಕಾಣ್ಸೋದು."

ನಿದ್ದೆಯಲ್ಲಿ ಮಾತಾಡುವವನ ದನಿ. ಅಂಗಡಿ ಇರುವಲ್ಲೇ ಮೊದಲು ಬೇವಿನ ಮರವಿತ್ತು, ಅದರ ನೆರಳಲ್ಲಿ ಅಪ್ಪ ಮಧ್ಯಾಹ್ನ ಮಲಗುತ್ತಿದ್ದರು ಎಂದ. ಎಷ್ಟೋ ವರ್ಷಗಳ ಮೇಲೆ ನೆನಪಾಗಿತ್ತು. ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಅವನ ಹೆಂಡತಿ ಸಾಕಮ್ಮ ಹುಡುಕಿಕೊಂಡು ಬಂದರು. "ಎಲ್ಲೋದ್ರಿ? ತಿಂಡಿ ಆರೋಯ್ತು" ಎಂದು, ನನ್ನ ಕಡೆ ತಿರುಗಿ, "ಸಾರ್, ಇವ್ರಿಗೆ ರಜೆ ಕೊಟ್ಟ ಕಾಯ್ದೇಲಿ ನಂಗೂ ಏನಾದ್ರೂ ಬರ್ದಿದ್ಯಾ?" ಎಂದರು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ಅಡುಗೆಮನೆ ಕಾಯ್ದೆಯ ಪ್ರಕಾರ ವಾಣಿಜ್ಯ ಸಂಸ್ಥೆಯಲ್ಲ ಎನ್ನಲು ಬಾಯಿ ತೆರೆದೆ. ಅದಕ್ಕೆ ಮೊದಲೇ ಚಿಕ್ಕಣ್ಣ ಪಂಚೆ ಕೊಡವಿಕೊಂಡು ಎದ್ದ.

"ನಡಿ, ಮೆಟ್ರೋದಲ್ಲಿ ಕೆಂಗೇರಿಗೆ ಹೋಗ್ಬರಾಣ. ಊಟಾನೂ ಹೊರಗೇ."

"ಕೆಂಗೇರೀಲಿ ಏನಿದೆ?"

"ಏನೂ ಇಲ್ಲ ಕಣೇ. ಸುಮ್ನೆ."

ಇಬ್ಬರೂ ಬೀದಿಯ ತಿರುವಿನವರೆಗೆ ಒಬ್ಬರ ಪಕ್ಕ ಒಬ್ಬರು ನಡೆದು ಹೋದರು. ಅಂಗಡಿ ಈಗ ಪ್ರತಿ ಮಂಗಳವಾರ ಮುಚ್ಚಿರುತ್ತದೆ, ಸಾಕಮ್ಮನ ಒಲೆಯೂ.

ಅಂದು ನಾನು ಒಳಗೆ ಬಂದಾಗ ನನ್ನ ಹೆಂಡತಿ ಕಿಟಕಿಯಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಮ್ಮನೇಲಿ ಯಾವ ವಾರ?"

"ಗುರುವಾರ," ಎಂದೆ ಶಾಸನಸಭೆಯ ಗಾಂಭೀರ್ಯದಿಂದ. "ಅವತ್ತು ಅಡುಗೆ ನಂದು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ಕೇಳಿದ್ದು ರಜೆ ಕಣ್ರೀ, ಶಿಕ್ಷೆ ಅಲ್ಲ."