ಸಾವುಕಾರರನ್ನು ಬಿಟ್ಟು ಎಲ್ಲರೂ ಕಾಣುವ ಕ್ಯಾಮೆರಾ

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಜೈನುದ್ದೀನರ ರೇಡಿಯೋ ರಿಪೇರಿ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಈಗಲೂ ಕೈ ಮಾಡಿ ತೋರಿಸುತ್ತಾರೆ. ಅಲ್ಲಿ ರೇಡಿಯೋ ಇಲ್ಲದೆ ಹದಿನೈದು ವರ್ಷಗಳಾದವು. ಜೈನುದ್ದೀನರ ಕಣ್ಣು ಮಂಜಾದ ಮೇಲೆ ಅಂಗಡಿಯಲ್ಲಿ ಕೂತವಳು ಮಗಳು ಮೆಹನಾಜ. ಸಾಲಿ ಬಿಟ್ಟ ಕೂಡಲೇ ಅಪ್ಪನ ಪಕ್ಕ ಕೂತು ವೈರು ಬೆಸೆಯುತ್ತ ಬೆಳೆದವಳಿಗೆ ಕ್ಯಾಮೆರಾ ಹಚ್ಚುವ ಕೆಲಸ ಕಲಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಗಂಡ ಆಸಿಫ ಟೆಂಪೋದಲ್ಲಿ ಲಿಂಬೆಹಣ್ಣು ಸಾಗಿಸುತ್ತಾನೆ. ಅವನು ಒಂದು ದಾರಿ ಹಿಡಿದರೆ ಇವಳು ಹೆಗಲಿಗೆ ಡ್ರಿಲ್ ಮಷೀನಿನ ಚೀಲ ಏರಿಸಿಕೊಂಡು ಇನ್ನೊಂದು ದಾರಿ ಹಿಡಿಯುತ್ತಾಳೆ.

ಅವಳಿಗೆ ಕೆಲಸ ಸಿಗುವುದಕ್ಕೆ ಕಾರಣ ಸರಳ. ಗಂಡಸರಾದ ಫಿಟ್ಟರುಗಳನ್ನು ಪಡಸಾಲೆಯಿಂದ ಆಚೆ ಬಿಡದ ಮನೆಗಳವರು ಇವಳನ್ನು ಅಡುಗೆಮನೆಯವರೆಗೂ ಕರೆದೊಯ್ಯುತ್ತಾರೆ. ಹೀಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕುಗಳಲ್ಲಿ ಅವಳು ಕಾಣದ ಒಳಮನೆ ಕಡಿಮೆ. ಎಷ್ಟು ಮನೆ ಕಂಡಳೋ ಅಷ್ಟೂ ಅವಳಿಗೆ ಮನೆ ಯಜಮಾನರ ಮೇಲಿನ ತಾತ್ಸಾರ ಬೆಳೆಯಿತು. ಕಳ್ಳರಿಗೆ ಹೆದರಿ ಕ್ಯಾಮೆರಾ ಹಚ್ಚಿಸುವವರು ನೂರಕ್ಕೆ ಹತ್ತು ಮಂದಿ ಇದ್ದಾರು ಎಂಬುದು ಅವಳ ಲೆಕ್ಕ. ಉಳಿದವರಿಗೆ ಬೇಕಾದದ್ದೇ ಬೇರೆ.

ಸಿಂದಗಿಯಲ್ಲಿ ನಿವೃತ್ತ ಹೆಡ್ ಮಾಸ್ತರರೊಬ್ಬರು ಬಾಗಿಲು, ಕಿಟಕಿ ಎಲ್ಲ ಬಿಟ್ಟು ದಾಸವಾಳದ ಗಿಡಕ್ಕೆ ಕ್ಯಾಮೆರಾ ಹಚ್ಚಿಸಿದರು. ನಸುಕಿನಲ್ಲಿ ಪೂಜೆಗೆ ಹೂವು ಕಿತ್ತೊಯ್ಯುವವರು ಯಾರೆಂದು ತಿಳಿಯಬೇಕಿತ್ತು. ತಿಳಿಯಿತು, ಅವರದೇ ಭಜನಾ ಸಂಘದ ಮುದುಕಿ. ಮುದುಕಿಗೆ ಅವರು ಒಂದು ಮಾತೂ ಆಡಲಿಲ್ಲ. ಬಂದವರಿಗೆಲ್ಲ ಚಹದ ಜೊತೆ ಆ ವಿಡಿಯೋ ತೋರಿಸುತ್ತ ಸುಖಪಟ್ಟರು. ಹೂವಿಗೆ ಕೈ ಹಾಕಿದ ಕೂಡಲೇ ಕ್ಯಾಮೆರಾ ತಮ್ಮ ದನಿಯಲ್ಲಿ ಗದರಿಸುವ ಸೌಲಭ್ಯ ಇದೆಯೇ ಎಂದು ಮೆಹನಾಜಳನ್ನು ಎರಡು ಸಲ ಫೋನು ಮಾಡಿ ಕೇಳಿದರು.

ಮುದ್ದೇಬಿಹಾಳದ ಅರಿವೆ ಅಂಗಡಿಯ ಸಿದ್ದಾರೂಢನಿಗೆ ಎದುರುಮನೆಯ ಹುಡುಗಿಯನ್ನು ನೋಡಲು ಎಲ್ಲೆಲ್ಲಿಂದ ಬೀಗರು ಬರುತ್ತಾರೆಂಬುದು ತಿಳಿಯಬೇಕಿತ್ತು. ಗೇಟಿಗೆ ಹಚ್ಚಿದ ಕ್ಯಾಮೆರಾವನ್ನು ಅತ್ತ ತಿರುಗಿಸಿಕೊಂಡಿದ್ದ. ಬಂದವರು ಕಾಣುತ್ತಾರೆ, ಒಳಗೆ ಏನು ಮಾತಾಡಿದರೆಂದು ಕೇಳುವುದಿಲ್ಲ ಎಂಬುದು ಅವನ ತಕರಾರು. ಓಣಿ ದಾಟಿ ಗೋಡೆ ಹೊಕ್ಕು ಕೇಳುವಂಥದ್ದು ಬಂದಿದೆಯೇ ಎಂದ. ನಿಮ್ಮ ಕಿವಿಯನ್ನೇ ಬಿಚ್ಚಿ ಅಲ್ಲಿ ಹಚ್ಚಿ ಬರಲೇ ಎಂದು ಮೆಹನಾಜ ಕೇಳಿದರೆ, ಹಾಗೂ ಮಾಡಬಹುದೇನೋ ಎಂಬಂತೆ ಅವಳ ಮುಖ ನೋಡಿದ. ಇಂಡಿಯಲ್ಲೇ ಒಬ್ಬ ಅತ್ತೆಗೆ ವಾಸನೆ ಹಿಡಿಯುವ ಕ್ಯಾಮೆರಾ ಬೇಕಾಗಿತ್ತು. ಸೊಸೆ ಸಾರು ಹೊತ್ತಿಸಿದರೆ ದೇವರಮನೆಯಲ್ಲಿ ಕೂತ ತನಗೆ ಅದು ಬಂದು ಹೇಳಬೇಕಂತೆ.

ಅವಳು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಲಚ್ಯಾಣದ ಅಬಿದಾಳದ್ದು. ಅಬಿದಾಳಿಗೆ ಮೊಣಕಾಲು ನೋವು, ಕೊಟ್ಟಿಗೆಯಲ್ಲಿ ದಿನ ತುಂಬಿದ ಎಮ್ಮೆ. ಗಳಿಗೆಗೊಮ್ಮೆ ಎದ್ದು ಹೋಗಿ ನೋಡಲಾಗದೆ ಅಡುಗೆಮನೆಯಿಂದಲೇ ಕಾಣುವಂತೆ ಮಾಡಿಕೊಡು ಎಂದಿದ್ದಳು. ಮೆಹನಾಜ ಸಗಣಿಯ ನೆಲದ ಮೇಲೆ ಅಡ್ಡಬಿದ್ದು ಕೋನ ಹೊಂದಿಸಿ ಬಂದಳು. ಕರು ಹಾಕಿದ ದಿನ ಅಬಿದಾ ಗಿಣ್ಣ ಕಳಿಸಿದಳು.

ಹೂವಿನ ಹಿಪ್ಪರಗಿಯ ಬಸಂತರಾಯ ಸಾವುಕಾರರಿಂದ ಕರೆ ಬಂದದ್ದು ಕಳೆದ ಚಳಿಗಾಲದಲ್ಲಿ. ಎಪ್ಪತ್ತು ದಾಟಿದ ಮನುಷ್ಯ, ಊರಿಗೆ ದೊಡ್ಡ ವಾಡೆ, ಸುತ್ತ ತೊಗರಿ ಹೊಲ. ಕಟ್ಟೆಯ ಮೇಲೆ ಅವರು ಮಾತಾಡಿದರೆ ಕೂತವರು ತಲೆಯಾಡಿಸಬೇಕು. ಮಗ ಅನೀಲಕುಮಾರ ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಅವನೂ ತಲೆಯಾಡಿಸುವವರ ಪೈಕಿಯೇ. ಒಂಬತ್ತು ಕ್ಯಾಮೆರಾ ಬೇಕೆಂದರು. ಕೋಲೂರಿಕೊಂಡು ಮುಂದೆ ನಡೆಯುತ್ತ ಜಾಗ ತೋರಿಸಿದರು: ಆಳುಗಳು ಕೂಡುವ ಅಂಗಳ, ದನದ ಕೊಟ್ಟಿಗೆ, ಹಿತ್ತಲ ಬಾಗಿಲು, ಹೆಣ್ಣಾಳುಗಳು ತೊಗರಿ ಹಸನು ಮಾಡುವ ಜಾಗ, ಪಾತ್ರೆ ತಿಕ್ಕುವ ಕಲ್ಲು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೋಲನ್ನು ಮೇಲೆತ್ತಿದರು.

"ಇಲ್ಲೊಂದು ಹಚ್ಚು. ಮಾತೂ ಕೇಳ್ಬೇಕು. ಹಾಲಿನ ಕೆನಿ ದಿನಾ ಎಲ್ಲಿ ಹೋಗ್ತೈತಿ ಅಂತ ನನಗ ತಿಳೀಬೇಕು."

ಹೆಂಡತಿ ಸಿದ್ದಲಿಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದು ನಿಲ್ಲಲಿಲ್ಲ. ಸೊಸೆ ಜಯಮಾಲಾ ಮಾತ್ರ ಒಮ್ಮೆ ಮೆಹನಾಜಳ ಮುಖ ನೋಡಿ ತಲೆ ತಗ್ಗಿಸಿದಳು.

ಬೆಳ್ಳಿ ಬಂಗಾರ ಇರುವ ತಿಜೋರಿ ಸಾವುಕಾರರ ಕೋಣೆಯಲ್ಲಿತ್ತು. ಕಳ್ಳ ಬರುವುದಾದರೆ ಅಲ್ಲಿಗೇ ಬರುತ್ತಾನೆ, ಮೊದಲ ಕ್ಯಾಮೆರಾ ಅಲ್ಲಿ ಹಚ್ಚಬೇಕು ಎಂದು ಮೆಹನಾಜ ಹೇಳಿದಳು. ಅಲ್ಲಿ ನಾನಿರುವಾಗ ಕ್ಯಾಮೆರಾ ಯಾತಕ್ಕೆ ಎಂದರು. ಬೀಗದ ಕೈ ಅವರ ಉಡದಾರದಲ್ಲೇ ಇರುತ್ತಿತ್ತು. ಪಡಸಾಲೆಯ ಕ್ಯಾಮೆರಾ ಹಚ್ಚುವಾಗ ಅವರು ತಮ್ಮ ಮನಸ್ಸಿನ ಬಯಕೆ ಹೇಳಿದರು.

"ಇದಕ್ಕ ನನ್ನ ಮಾರಿ ಗುರ್ತು ಹಿಡ್ಸಾಕ ಬರ್ತೈತೇನು? ಉಳದವ್ರನ್ನೆಲ್ಲ ನೋಡ್ಲಿ. ನಾ ಬಂದ್ರ ಕಣ್ಣ ಮುಚ್ಕೋಬೇಕು."

"ಅಂಥಾದ್ದು ಇನ್ನೂ ಬಂದಿಲ್ರಿ ಸಾವ್ಕಾರ್ರ."

"ಬಂದ ಕೂಡ್ಲೆ ಮೊದಲ ನನಗ ಹೇಳು."

ಅದು ಬರುವತನಕ ತಮ್ಮ ಕೋಣೆಯಿಂದ ತಲಬಾಗಿಲಿಗೆ ಹೋಗುವ ದಾರಿ ಕಾಣದಂತೆ ಕ್ಯಾಮೆರಾವನ್ನು ಒಳಗಡೆಗೆ ತಿರುಗಿಸು ಎಂದರು. ಮೆಹನಾಜ ಮನಸ್ಸಿನಲ್ಲೇ ಉಗಿದು, ಹೇಳಿದ ಕಡೆಗೆ ತಿರುಗಿಸಿದಳು.

ಆದರೆ ಅವಳದೊಂದು ರೂಢಿ ಇತ್ತು. ಕೆಲಸ ಮುಗಿದ ಮೇಲೆ ಮನೆಯ ಹೆಂಗಸರನ್ನು, ಆಳುಗಳನ್ನು ಒಬ್ಬೊಬ್ಬರನ್ನಾಗಿ ಕ್ಯಾಮೆರಾದ ಕೆಳಗೆ ನಿಲ್ಲಿಸಿ, ಅದು ಎಲ್ಲಿಯತನಕ ನೋಡುತ್ತದೆ, ಅದಕ್ಕೆ ಏನು ಕೇಳಿಸುತ್ತದೆ ಎಂದು ತೋರಿಸಿಬಿಡುವಳು. ಅಂದು ಪಾತ್ರೆ ತಿಕ್ಕುವ ಪೀರಬಿಗೂ ತೋರಿಸಿದಳು. ಪೀರಬಿ ಇಪ್ಪತ್ತು ವರ್ಷದಿಂದ ಆ ಕಲ್ಲಿನ ಮುಂದೆ ಕೂತವಳು. ಫೋನಿನಲ್ಲಿ ತನ್ನನ್ನು ತಾನು ಬಗ್ಗಿ ನೋಡಿ, ಸೆರಗು ಹರಿದದ್ದು ಕಾಣುತ್ತದೆ, ನಾಳೆಯಿಂದ ಬೇರೆ ಸೀರೆ ಉಟ್ಟುಕೊಂಡು ಬರುತ್ತೇನೆ ಎಂದಳು.

ಸಾವುಕಾರರಿಗೆ ಫೋನೇ ಊಟ, ಫೋನೇ ನಿದ್ದೆಯಾಯಿತು. ಕಟ್ಟೆಯ ಮೇಲೆ ಕೂತು ತಮ್ಮ ಮನೆಯ ಹಿತ್ತಲನ್ನು ಬಂದವರಿಗೆ ತೋರಿಸುವರು. ನಡುವೆ ಗುಂಡಿ ಒತ್ತಿ ಗದರುವರು. ಪೀರಬಿ, ನೀರು ಕಡಿಮೆ ಸುರಿ ಎಂದು ಗೋಡೆಯೇ ಕೂಗಿದಂತಾಗಿ ಕೋಳಿಗಳು ಹಾರಿ ಬೀಳುವವು. ಇಪ್ಪತ್ತು ಹೆಜ್ಜೆ ಆಚೆ ಪಡಸಾಲೆಯಲ್ಲಿ ಕೂತವರು ಹೆಂಡತಿಗೆ ಚಹ ಹೇಳುವುದೂ ಕ್ಯಾಮೆರಾದಲ್ಲೇ. ಒಂದು ದಿನ ಅಡುಗೆಮನೆಯ ಚಿತ್ರ ಬರಲಿಲ್ಲವೆಂದು ಮೆಹನಾಜಳನ್ನು ಇಂಡಿಯಿಂದ ಕರೆಸಿದರು. ಎರಡು ಬಸ್ಸು ಬದಲಿಸಿ ಬಂದು ನೋಡಿದರೆ ಕ್ಯಾಮೆರಾದ ಮುಂದೆ ಬಳ್ಳೊಳ್ಳಿ ಗೊಂಚಲು ತೂಗುತ್ತಿತ್ತು. ಮೊಳೆ ಅಲ್ಲೇ ಇತ್ತು, ಹಾಕಿದೆ ಎಂದರು ಸಿದ್ದಲಿಂಗವ್ವ, ನಗದೆ.

ಬೇಸಿಗೆಯಲ್ಲಿ ಬಂಗಾರದ ಗುಂಡಿನ ಸರ, ಬೋರಮಾಳ, ಕಾಣೆಯಾಯಿತು. ಸಿದ್ದಲಿಂಗವ್ವ ಅದನ್ನು ನೆಂಟರ ಮನೆಯ ಬಸುರಿಯ ಕುಬಸಕ್ಕೆ ಹಾಕಿಕೊಂಡು ಹೋಗಿ ಬಂದು ಇಪ್ಪತ್ತೆರಡು ದಿನವಾಗಿತ್ತು. ಅಂದು ಇಸಕೊಂಡು ತಿಜೋರಿಯಲ್ಲಿ ಇಟ್ಟವರು ಸಾವುಕಾರರೇ. ಈಗ ಒಂದು ಮದುವೆಗೆಂದು ತೆಗೆದರೆ ಡಬ್ಬಿ ಬರಿದು. ಅವರು ಅತ್ತಿತ್ತ ಹುಡುಕಲಿಲ್ಲ, ಯಾರನ್ನೂ ಕೇಳಲಿಲ್ಲ. ನೇರವಾಗಿ ಪೀರಬಿಯ ಹೆಸರು ಹೇಳಿದರು. ಪೀರಬಿ ಆ ಕೋಣೆಗೆ ಹೋಗುವವಳೇ ಅಲ್ಲ, ಅಲ್ಲಿ ಕಸ ಗುಡಿಸುವವಳು ತಾನು ಎಂದು ಜಯಮಾಲಾ ಹೇಳಲು ಹೋದರೆ ಗಂಡ ಕಣ್ಣು ಬಿಟ್ಟ.

ಮರುದಿನ ಬೆಳಗ್ಗೆ ಪಡಸಾಲೆಯಲ್ಲಿ ಊರಿನ ಆರೇಳು ಹಿರಿಯರನ್ನು ಕೂಡಿಸಿದರು. ಪೀರಬಿಯನ್ನೂ ಅವಳ ಅಣ್ಣ ಅಬ್ದುಲರಜಾಕನನ್ನೂ ಕರೆಸಿ ಹೊಸ್ತಿಲ ಬಳಿ ಕೂಡಿಸಿದರು. ಎಲ್ಲರೆದುರು ಟಿವಿಯಲ್ಲಿ ಹಾಕಿ ತೋರಿಸಲು ಮೆಹನಾಜ ಬಂದಳು. ಕಳ್ಳತನ ಹಿಡಿಯುವ ಸಂಭ್ರಮದಲ್ಲಿ ಸಾವುಕಾರರು ಎಲ್ಲರಿಗೂ ಚಹ ತರಿಸಿದ್ದರು.

ಇಪ್ಪತ್ತೆರಡು ದಿನದ ಚಿತ್ರವನ್ನು ಮೆಹನಾಜ ಜೋರಾಗಿ ಓಡಿಸುತ್ತ, ಬೇಕಾದಲ್ಲಿ ವೇಗ ಇಳಿಸುತ್ತ ಹೋದಳು. ಪೀರಬಿ ಹಿತ್ತಲ ಬಾಗಿಲಿನಿಂದ ಬಂದಳು. ತಿಕ್ಕಿದಳು, ಒಗೆದಳು, ಅಂಗಳ ಗುಡಿಸಿದಳು, ಕಲ್ಲಿನ ಪಕ್ಕ ಕೂತು ತಾನು ಕಟ್ಟಿಕೊಂಡು ಬಂದ ರೊಟ್ಟಿ ತಿಂದಳು, ಹಿತ್ತಲ ಬಾಗಿಲಿನಿಂದ ಹೋದಳು. ಮರುದಿನ ಮತ್ತೆ ಅದೇ. ಹತ್ತನೆಯ ದಿನಕ್ಕೆ ಬರುವ ಹೊತ್ತಿಗೆ ಹಿರಿಯರು ಕಳ್ಳಿಯನ್ನು ಹುಡುಕುವುದು ಬಿಟ್ಟು ಸುಮ್ಮನೆ ನೋಡುತ್ತಿದ್ದರು. ಮೇಲೇಳುವಾಗ ಅವಳು ಸೊಂಟಕ್ಕೆ ಕೈ ಕೊಟ್ಟು ಗೋಡೆ ಹಿಡಿಯುವುದು ಕಂಡಿತು. ಅಡುಗೆಮನೆಯಲ್ಲಿ ಸಿದ್ದಲಿಂಗವ್ವ ನಿಂತೇ ಇರುವುದು ಕಂಡಿತು. ವೇಗ ಇಳಿಸಿದಲ್ಲೆಲ್ಲ ಮೇಲಿನಿಂದ ಸಾವುಕಾರರ ದನಿ ಕೇಳಿತು: ನೀರಿಗೆ, ಉಪ್ಪಿಗೆ, ತಡವಾದದ್ದಕ್ಕೆ, ಬೇಗ ಬಂದದ್ದಕ್ಕೆ. ಅವು ಊರ ಹಿರಿಯರ ಮುಂದೆ ಆಡುವ ಮಾತುಗಳಾಗಿರಲಿಲ್ಲ. ಒಬ್ಬರು ಚಹದ ಕಪ್ಪನ್ನು ಕುಡಿಯದೆ ಕೆಳಗಿಟ್ಟರು. ಇನ್ನೊಬ್ಬರು ದನಿ ಸಣ್ಣ ಮಾಡು ಎಂದು ಮೆಹನಾಜಳಿಗೆ ಸನ್ನೆ ಮಾಡಿದರು. ಅವಳು ಕಾಣದವಳಂತೆ ಇದ್ದಳು.

ಚಿತ್ರ ಮುಗಿಯಿತು. ಪೀರಬಿ ಒಳಮನೆಯ ಹೊಸ್ತಿಲು ದಾಟಿದ್ದು ಒಂದೇ ಒಂದು ಸಲವೂ ಇರಲಿಲ್ಲ. ಕ್ಯಾಮೆರಾ ನೋಡದ ಹೊತ್ತು ಹೊಂಚಿ ಹೋಗಿರಬೇಕು ಎಂದರು ಸಾವುಕಾರರು.

"ಈಕಿ ಬಂದದ್ದೂ ಐತ್ರಿ, ಹೋದದ್ದೂ ಐತಿ, ನಡುವಿನ ಮೂರು ತಾಸೂ ಐತಿ," ಎಂದಳು ಮೆಹನಾಜ. "ಅವ್ವಾರು ಅದಾರು, ವೈನಿಯವ್ರು ಅದಾರು, ಆಳ ಮಂದಿ ಅದಾರು. ಈ ಮನ್ಯಾಗ ಕ್ಯಾಮೆರಾದಾಗ ಇಲ್ಲದಾವ್ರು ಒಬ್ರ."

ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ. ಸಾವುಕಾರರ ಕುತ್ತಿಗೆಯ ನರ ಉಬ್ಬಿತು.

"ನನ್ನ ಮನಿ ವಸ್ತು ನಾನ ಕದ್ದೇನೇನು?"

"ಕದ್ದೀರಿ ಅಂತ ನಾ ಎಲ್ಲಿ ಅಂದೇನ್ರಿ. ನೀವು ಕಂಡಿಲ್ಲ ಅಂದೆ."

ಹಿರಿಯರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಅನೀಲಕುಮಾರ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದ. ಅಬ್ದುಲರಜಾಕ ತಂಗಿಯ ಕೈಹಿಡಿದು ಎಬ್ಬಿಸಿದ. ಇಬ್ಬರೂ ತಲಬಾಗಿಲಿನಿಂದಲೇ ಹೊರಗೆ ಹೋದರು.

ಮೂರನೆಯ ದಿನ ಬಾಗೇವಾಡಿಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರಿಂದ ಅನೀಲಕುಮಾರನಿಗೆ ಫೋನು ಬಂತು. ಬೋರಮಾಳದ ದಾರ ಸವೆದಿದೆಯೆಂದು ಕುಬಸದ ಮರುದಿನವೇ ನಿಮ್ಮ ತಂದೆಯವರು ಪೋಣಿಸಲು ಕೊಟ್ಟು ಹೋಗಿದ್ದರು, ಒಂದು ಗುಂಡು ಹೊಸದಾಗಿ ಮಾಡಬೇಕಾಗಿ ತಡವಾಯಿತು, ಒಯ್ಯಿರಿ ಎಂದರು. ಸಾವುಕಾರರು ತಾವೇ ಕೊಟ್ಟದ್ದನ್ನು ತಾವೇ ಮರೆತಿದ್ದರು. ಇದನ್ನೆಲ್ಲ ಜಯಮಾಲಾ ಫೋನಿನಲ್ಲಿ ಹೇಳುವಾಗ ಮೆಹನಾಜಳಿಗೆ ನಗು ಬರಲಿಲ್ಲ.

ತಪ್ಪಾಯಿತು ಎನ್ನುವ ಮಾತು ಬಸಂತರಾಯರ ಬಾಯಿಂದ ಹೊರಡಲಿಲ್ಲ. ಮಗನನ್ನು ಪೀರಬಿಯ ಮನೆಗೆ ಕಳಿಸಿ, ಆದದ್ದು ಆಗಿಹೋಯಿತು, ನಾಳೆಯಿಂದ ಕೆಲಸಕ್ಕೆ ಬಾ ಎಂದು ಹೇಳಿಸಿದರು. ಪೀರಬಿ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟಳು.

"ಒಂಬತ್ತು ಕ್ಯಾಮೆರಾ ಅದಾವಲ್ರಿ ಸಣ್ಣ ಸಾವ್ಕಾರ್ರ, ಭಾಂಡೆ ತಿಕ್ಕಾಕ ಅವಕ್ಕ ಹೇಳ್ರಿ."

ಈಗ ಅವಳು ಬಾಗೇವಾಡಿಯಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿದ್ದಾಳೆ.

ಸಾವುಕಾರರು ಕಟ್ಟೆಯ ಮೇಲೆ ಕೂತು, ಆ ಇಂಡಿ ಹೆಂಗಸು ಹಚ್ಚುವ ಮಾಲು ಖೋಟಾ ಎಂದು ಹೇಳತೊಡಗಿದರು. ಹಿಪ್ಪರಗಿಯ ಎರಡು ಮನೆಯವರು, ಮಸೂತಿ ಊರಿನ ಒಬ್ಬರು ಹೇಳಿದ್ದ ಕೆಲಸ ಬೇಡವೆಂದರು. ಮೆಹನಾಜಳನ್ನು ಕಾಡಿದ್ದು ಅದಲ್ಲ. ಕ್ಯಾಮೆರಾವನ್ನು ಯಾವ ಕಡೆ ತಿರುಗಿಸಬೇಕೆಂದು ಅವರು ಹೇಳಿದರು, ತಿರುಗಿಸಿದ ಕೈ ತನ್ನದು. ಮನಸ್ಸಿನಲ್ಲಿ ಉಗಿಯುವುದಕ್ಕೆ ಏನು ಖರ್ಚು? ಉಗಿಯುತ್ತಲೇ ಎಷ್ಟು ಮನೆಗಳಲ್ಲಿ ಎಷ್ಟು ಪೀರಬಿಯರ ತಲೆಯ ಮೇಲಿನ ಗೋಡೆಗೆ ತೂತು ಕೊರೆದು ಬಂದಿದ್ದೇನೆ ಎಂದು ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟಳು. ಇಷ್ಟು ದಿನ ಗಿರಾಕಿಗಳಿಗಷ್ಟೇ ಮೀಸಲಿಟ್ಟಿದ್ದ ತಾತ್ಸಾರದಲ್ಲಿ ತನ್ನ ಪಾಲೂ ಇದೆ ಎಂದು ಅವಳಿಗೆ ಅನ್ನಿಸಿತು. ಆಸಿಫನ ಮುಂದೆ ಹೇಳಿಕೊಂಡರೆ, ನೀನು ಹಚ್ಚದಿದ್ದರೆ ಇನ್ನೊಬ್ಬರು ಹಚ್ಚುತ್ತಿದ್ದರು ಎಂದ. ಅಂಥ ಸಮಾಧಾನ ಅವಳಿಗೆ ಬೇಕಿರಲಿಲ್ಲ.

ಆಮೇಲೆ ಅವಳು ಒಂದು ಷರತ್ತು ಹಾಕಿಕೊಂಡಳು. ದುಡಿಯುವವರ ಮೇಲೆ ಕ್ಯಾಮೆರಾ ಬೇಕಾದರೆ ಮೊದಲನೆಯದು ಯಜಮಾನರು ಕೂಡುವ ಜಾಗಕ್ಕೆ. ಮುದ್ದೇಬಿಹಾಳದ ಒಬ್ಬ ದೊಡ್ಡ ಮನುಷ್ಯರು ಇದನ್ನು ಕೇಳಿ, ನೀರು ಕೂಡ ಕೊಡದೆ ಕಳಿಸಿದರು. ಸಿಂದಗಿಯ ಹೆಡ್ ಮಾಸ್ತರರು ತಾವು ಕಾಣಿಸಿಕೊಳ್ಳುವುದಾದರೆ ಇಸ್ತ್ರಿ ಅಂಗಿ ಹಾಕಬೇಕಾಗುತ್ತದೆ ಎಂಬ ಚಿಂತೆಗೆ ಬಿದ್ದರು.

ಮಳೆಗಾಲ ಶುರುವಾದಾಗ ಸಿದ್ದಲಿಂಗವ್ವ ಸೊಸೆಯ ಫೋನಿನಿಂದ ಕರೆದರು. ಅಡುಗೆಮನೆಯದನ್ನು ಬಿಚ್ಚಿ ಒಯ್ಯಿ ತಂಗಿ ಎಂದರು. ಸಾವುಕಾರರನ್ನು ಕೇಳಿದಿರಾ ಎನ್ನುವ ಮಾತು ಮೆಹನಾಜಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದಳು. ಹಿತ್ತಲ ಬಾಗಿಲಿನಿಂದ ಹೋದಳು. ಏಣಿಯನ್ನು ಸಿದ್ದಲಿಂಗವ್ವ ತಾವೇ ಹಿಡಿದುಕೊಂಡರು. ಎರಡನೆಯ ಸ್ಕ್ರೂ ಸಡಿಲಾಗುತ್ತಿದ್ದಾಗ, ಅದರೊಳಗಿಂದಲೇ, ಪಡಸಾಲೆಯಲ್ಲಿ ಕೂತವರ ದನಿ ಬಂತು.

"ಏನ್ ನಡದೈತಿ ಅಲ್ಲಿ?"

ಸಿದ್ದಲಿಂಗವ್ವ ತಲೆಯೆತ್ತಿ ಅದನ್ನು ನೇರವಾಗಿ ನೋಡಿದರು.

"ಬಿಚ್ಚಾಕತ್ತೇವಿ. ಏನರ ಬೇಕಾದ್ರ ಒಳಗ ಎದ್ದ ಬರ್ರಿ."

ಅವರು ಎದ್ದು ಬರಲಿಲ್ಲ. ಮೆಹನಾಜ ಉಳಿದ ಎರಡು ಸ್ಕ್ರೂಗಳನ್ನೂ ತೆಗೆದು ವೈರು ಸುತ್ತಿ ಚೀಲಕ್ಕೆ ಹಾಕಿದಳು. ಜಯಮಾಲಾ ತಾಟಿಗೆ ಬಿಸಿ ರೊಟ್ಟಿ, ಪುಂಡಿಪಲ್ಯೆ ಬಡಿಸಿ, ಕೂಡ್ರಿ, ಉಂಡು ಹೋಗ್ರಿ ಎಂದಳು. ಮೂವರೂ ಒಲೆಯ ಮುಂದೆ ಕೂತು ಉಂಡರು.