ಉಪ್ಪಿಟ್ಟು ತಿಂದು ಹೋದ ವಿಮೆಯವನು

ನನ್ನ ಚೊಚ್ಚಲ ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಈ ದೂರದೇಶಕ್ಕೆ ಬರಬೇಕಿತ್ತು. ವಿಮಾನದ ಟಿಕೆಟ್ಟಿಗೆ ದುಡ್ಡಿರಲಿಲ್ಲ, ಕಾರಿತ್ತು. ಅದನ್ನೇ ಮಾರೋಣ, ಬೆರ್ರಿಯೆಸಾದಲ್ಲಿರುವ ಸಹೋದ್ಯೋಗಿಯ ಕಾರಿನಲ್ಲಿ ಆಫೀಸಿಗೆ ಹೋಗುತ್ತೇನೆ ಎಂದರು ಯಜಮಾನರು. ವಾಲ್ನಟ್ ಕ್ರೀಕಿನಲ್ಲಿದ್ದ ಉಡುಪಿಯ ಡಾಕ್ಟರೊಬ್ಬರು ಕೊಳ್ಳಲು ಒಪ್ಪಿಯೂ ಇದ್ದರು. ಅಷ್ಟರಲ್ಲಿ, ಸಿಗ್ನಲ್ಲಿನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಒಂದು ಪಿಕಪ್ಪು ಗುದ್ದಿತು. ಇವರಿಗೆ ಏನೂ ಆಗಲಿಲ್ಲ, ಕಾರಿನ ಹಿಂಭಾಗ ನಜ್ಜುಗುಜ್ಜಾಯಿತು.

ತಪ್ಪು ಪಿಕಪ್ಪಿನವನದೇ. ರಿಪೇರಿ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡಲು ಅವನ ವಿಮಾ ಕಂಪನಿಯಾತ ನಮ್ಮ ಅಪಾರ್ಟ್‌ಮೆಂಟಿಗೇ ಬಂದ. ಮನೆಗೆ ಬಂದವನನ್ನು ಹಾಗೇ ಕಳಿಸುವುದುಂಟೆ? ಆ ಹೊಟ್ಟೆ ಹೊತ್ತುಕೊಂಡು ಉಪ್ಪಿಟ್ಟು ಮಾಡಿದೆ. ಪುಣ್ಯಾತ್ಮ ಮತ್ತೆ ಹಾಕಿಸಿಕೊಂಡು ತಿಂದ. ಇನ್ನೇನಾದರೂ ಕೇಳುವುದಿದೆಯೇ ಎಂದ. ಛೆ ಛೆ, ನೀವು ಇಷ್ಟು ಮಾಡಿದ್ದೇ ಹೆಚ್ಚು ಎಂದು ಇವರು ಅವನು ಕೊಟ್ಟ ಕಾಗದಕ್ಕೆ ಸಹಿ ಹಾಕಿ, ಕೆಳಗಿನವರೆಗೂ ಹೋಗಿ ಬೀಳ್ಕೊಟ್ಟು ಬಂದರು.

ಡಾಕ್ಟರು ಕಾರು ನೋಡಲು ಬಂದಾಗ ಇವರು ನಡೆದದ್ದನ್ನೆಲ್ಲ ಹೇಳಿದರು.

“ಬೇಜಾರು ಮಾಡ್ಬೇಡಿ ಮಾರಾಯ್ರೆ, ಗುದ್ದಿಸಿಕೊಂಡ ಗಾಡಿ. ಎಷ್ಟು ಚಂದ ರಿಪೇರಿ ಮಾಡಿದ್ರೂ ಅರ್ಧ ರೇಟೇ. ಇಳಿದ ಬೆಲೆಯನ್ನು ಅವರ ಕಂಪನಿಯಿಂದ ಕೇಳ್ಬೇಕಿತ್ತಲ್ಲ? ಕೇಳ್ಲಿಲ್ವಾ?”

ಇವರ ಮುಖ ಸುಣ್ಣವಾಯಿತು. ಮರುದಿನ ಫೋನು ಮಾಡಿದರೆ ವಿಮೆಯವನು ಪ್ರೀತಿಯಿಂದಲೇ ಮಾತಾಡಿದ. ಉಪ್ಪಿಟ್ಟು ಬಹಳ ಚೆನ್ನಾಗಿತ್ತಂತೆ. ಆದರೆ ಇನ್ನೇನೂ ಬೇಡವೆಂದು ಸಹಿ ಹಾಕಿದ ಮೇಲೆ ಮುಗಿಯಿತಂತೆ.

“ಬಾಯಿ ಬಿದ್ದೋಗಿತ್ತೇನ್ರೀ ನಿಮಗೆ?” ಎಂದು ಕೂಗಿದೆ.

“ನಮ್ಮನೇಲಿ ತಟ್ಟೆ ಮುಂದೆ ಕೂತೋನ ಹತ್ರ ಇನ್ನಷ್ಟು ಕೊಡು ಅಂತ ಹೇಗೆ ಕೇಳ್ಲೇ?”

“ಹಾಗಾದ್ರೆ ಬಾಣಂತನಕ್ಕೂ ಅವನನ್ನೇ ಕರೆಸಿ!”

ಇವರನ್ನು ಕಂಡು ಪಾಪ ಅನ್ನಿಸಲೂ ಇಲ್ಲ ನನಗೆ, ಅಷ್ಟು ಹೊಟ್ಟೆ ಉರಿದಿತ್ತು.

ಕಾರಿನ ಅರ್ಧ ಬೆಲೆಯಲ್ಲಿ ಟಿಕೆಟ್ಟು ಬರುವಂತಿರಲಿಲ್ಲ. ಕಾರು ನಮ್ಮಲ್ಲೇ ಉಳಿಯಿತು. ಅದರಲ್ಲೇ ಆಸ್ಪತ್ರೆಗೆ ಹೋದೆ, ಅದರಲ್ಲೇ ಮಗಳನ್ನು ಎತ್ತಿಕೊಂಡು ಬಂದೆ. ಆರತಿ ಎತ್ತಲು ಬಾಗಿಲಲ್ಲಿ ಯಾರೂ ಇರಲಿಲ್ಲ. ಇವರು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮಗುವೂ ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಇನ್ನು ನನ್ನ ಕೈಲಾಗದು ಅನ್ನಿಸುತ್ತಿತ್ತು.

ಒಂದು ಭಾನುವಾರ ಮೈಸೂರಿನಲ್ಲಿ ಪಕ್ಕದ ಮನೆಯವರ ಫೋನಿಗೆ ಅಮ್ಮನನ್ನು ಕರೆಸಿದೆವು.

“ಎಣ್ಣೆ ನೀರು ಯಾರು ಹಾಕ್ತಿದಾರೆ ಮಗೂ ನಿಂಗೆ?”

“ಇಲ್ಲೊಬ್ರು ಹಿರಿಯರಿದಾರಮ್ಮ. ದಿನಾ ಬಂದು ಹಾಕ್ತಾರೆ,” ಎಂದೆ.

ಅಮ್ಮನ ದನಿ ಹಗುರಾಯಿತು. “ದೇವ್ರು ಅವರನ್ನ ಚೆನ್ನಾಗಿಟ್ಟಿರ್ಲಿ. ಅವರಿಗೊಂದು ಸೀರೆ ಕಳಿಸ್ತೀನಿ ಕಣೆ. ಯಾವ ಬಣ್ಣ ಇಷ್ಟ ಅಂತ ಕೇಳಿ ಹೇಳು.”